ಒಂದೇ ಹೆಸರಿನ ಎರಡು ಕಲ್ಲುಹೂವು

ಅಡಿಕೆ ಮರದ ಮೈಮೇಲೆ, ಕಾಫಿಗೆ ನೆರಳು ಕೊಡುವ ಮರಗಳ ಕೊಂಬೆಗಳ ಮೇಲೆ ಬೂದು ಬಣ್ಣದ ಎಲೆಯಂತೆ ಹಬ್ಬುವ ಕಲ್ಲುಹೂವನ್ನು ಬೆಳೆಗಾರರೆಲ್ಲ ಬಲ್ಲರು. ಬೆಳಗಾವಿ ಕಡೆ ಇದಕ್ಕೆ ದಗಡಫೂಲ ಎಂದೂ ಹೆಸರು. ಮಸಾಲೆಗೆ ಬೇಕಾದ ಪದಾರ್ಥ. ಕೆಲವರು ಇದನ್ನು ರೋಗವೆಂದು ಕೆರೆದುಹಾಕುತ್ತಾರೆ. ಕೆಲವರು ಬಂದಷ್ಟು ಬರಲೆಂದು ಪೂರ್ತಿ ಕೀಳಿಸಿ ಮಾರುತ್ತಾರೆ. ಎರಡೂ ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ.

ಇದು ರೋಗವಲ್ಲ. ಶಿಲೀಂಧ್ರವೂ ಪಾಚಿಯೂ ಕೂಡಿ ಬಾಳುವ ಜೀವಿ. ಪಾಚಿ ಬಿಸಿಲಿನಿಂದ ಆಹಾರ ತಯಾರಿಸುತ್ತದೆ. ಶಿಲೀಂಧ್ರ ಆಸರೆ ಕೊಟ್ಟು ತೇವ ಹಿಡಿದಿಡುತ್ತದೆ. ಮರದ ರಸವನ್ನು ಇದು ಹೀರುವುದಿಲ್ಲ.

ಒಂದೇ ಹೆಸರಿನಲ್ಲಿ ತೂಗುವ ಈ ಸರಕಿನಲ್ಲಿ ಹಲವು ಬಗೆಗಳು ಬೆರೆತಿರುತ್ತವೆ. ಪಾರ್ಮೊಟ್ರೀಮಾ ಕುಲದ ಪರ್ಲೇಟಮ್ ಮತ್ತು ಟಿಂಕ್ಟೋರಮ್ ಅಕ್ಕತಂಗಿಯರಿದ್ದಂತೆ. ಪರ್ಲೇಟಮ್‌ನ ಅಂಚಿನಲ್ಲಿ ಹಿಟ್ಟಿನಂಥ ಪುಡಿಯೂ ಸಣ್ಣ ಕಪ್ಪು ಕೂದಲೂ ಇರುತ್ತವೆ. ಟಿಂಕ್ಟೋರಮ್‌ನ ಮೇಲ್ಮೈ ತುಂಬ ಸೂಕ್ಷ್ಮ ಮೊಳೆಗಳು, ಅಂಚಿನಲ್ಲಿ ಕೂದಲಿಲ್ಲ. ಮೇಲ್ಪದರ ಕೆರೆದು ಒಳಗಿನ ಬಿಳಿ ಭಾಗಕ್ಕೆ ಬ್ಲೀಚಿಂಗ್ ನೀರು ಒಂದು ಹನಿ ಬಿಟ್ಟರೆ ಟಿಂಕ್ಟೋರಮ್ ಕೆಂಪಾಗುತ್ತದೆ, ಪರ್ಲೇಟಮ್ ಆಗುವುದಿಲ್ಲ. ಪರೀಕ್ಷಿಸಿದ ಚೂರನ್ನು ಅಡಿಗೆಗೆ ಬಳಸಬಾರದು.

ಈ ವ್ಯತ್ಯಾಸದಿಂದ ನಮಗೇನು ಎಂದು ಕೇಳಬಹುದು. ಎರಡನ್ನೂ ಒಂದೇ ಚೀಲಕ್ಕೆ ತುಂಬಿದರೆ ಯಾವುದು ಕಡಿಮೆಯಾಗುತ್ತಿದೆ ಎಂಬುದು ಕಾಣುವುದೇ ಇಲ್ಲ. ಜಗತ್ತಿನಲ್ಲಿ ಕಲ್ಲುಹೂವಿನ ಸುಮಾರು 20,000 ಬಗೆಗಳಿವೆ. ಅಪಾಯದಲ್ಲಿರುವ ಜೀವಿಗಳ ಅಂತಾರಾಷ್ಟ್ರೀಯ ಕೆಂಪು ಪಟ್ಟಿಗೆ 2003ರಲ್ಲಿ ಸೇರಿದ್ದು ಎರಡೇ ಬಗೆ. ಇಂದಿಗೂ ಪರಿಶೀಲನೆಯಾಗಿರುವುದು ಅಲ್ಪ ಭಾಗ. ಪಟ್ಟಿಯಲ್ಲಿ ಹೆಸರಿಲ್ಲವೆಂದರೆ ಕ್ಷೇಮವೆಂದಲ್ಲ, ಇನ್ನೂ ಯಾರೂ ಎಣಿಸಿಲ್ಲವೆಂದೂ ಆಗಬಹುದು. ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುವ ಜೀವಿಯನ್ನು ಒಂದೇ ದಿನದಲ್ಲಿ ಕಿತ್ತರೆ ಮತ್ತೆ ತುಂಬಲು ಎಷ್ಟು ವರ್ಷ ಬೇಕು, ಯೋಚಿಸಿರಿ.

ಹೊಗೆಯೂ ಇದಕ್ಕೆ ಶತ್ರು. ಜಪಾನಿನಲ್ಲಿ ಗಂಧಕದ ಹೊಗೆ ಎಲ್ಲಿಯವರೆಗೆ ಹಬ್ಬಿದೆಯೆಂದು ತಿಳಿಯಲು ಟಿಂಕ್ಟೋರಮನ್ನೇ ಗುರುತಾಗಿ ಬಳಸಿದ್ದಾರೆ. ಮಚ್ಛೆಯ ಕೈಗಾರಿಕಾ ಪ್ರದೇಶದಿಂದ ಖಾನಾಪುರದ ಕಾಡಿನವರೆಗೆ ಮರಗಳ ಮೈ ನೋಡುತ್ತ ಹೋಗುವವರಿಗೆ ಇದು ಖರ್ಚಿಲ್ಲದ ಮಾಪಕ.

ಆದ್ದರಿಂದ ಸದಸ್ಯರಲ್ಲಿ ನಮ್ಮ ವಿನಂತಿ: ಬಿದ್ದ ಕೊಂಬೆಗಳಲ್ಲಿರುವುದನ್ನು ಮಾತ್ರ ಮಾರಿರಿ, ನಿಂತ ಮರದ್ದನ್ನು ಬಿಡಿರಿ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪಂಚಾಯತಿಯಲ್ಲಿ ಇರಬೇಕಾದ ಸಮಿತಿಯ ದಾಖಲೆಯಲ್ಲಿ "ಕಲ್ಲುಹೂವು" ಎಂದಷ್ಟೇ ಬರೆಸದೆ ಎರಡನ್ನೂ ಬೇರೆ ಬೇರೆಯಾಗಿ ಬರೆಸಿರಿ. ಲೆಕ್ಕ ಇಟ್ಟವನಿಗೇ ನಷ್ಟ ತಿಳಿಯುವುದು.