ಅನ್ನನಾಳದ ಹೊಲಿಗೆಯೂ ಒಂದು ಚಮಚ ಪಾದೋದಕವೂ

ಜೋಳದ ರೊಟ್ಟಿ ಇಳಿಯುವುದಿಲ್ಲ, ಅಂಬಲಿ ಮಾತ್ರ ಇಳಿಯುತ್ತದೆ ಎನ್ನುತ್ತ ರೋಗಿಯು ತಿಂಗಳುಗಟ್ಟಲೆ ಕಾಲ ಕಳೆಯುವುದುಂಟು. ಬಳಿಕ ಅನ್ನನಾಳದ ಕ್ಯಾನ್ಸರ್ ಎಂದು ತಿಳಿದು ಘಾಟಬೋರಾಳದಂತಹ ಊರುಗಳಿಂದ ಕಲಬುರಗಿ, ಸೊಲ್ಲಾಪುರ, ಹೈದರಾಬಾದಿಗೆ ಧಾವಿಸಬೇಕಾಗುತ್ತದೆ. ಶಸ್ತ್ರಚಿಕಿತ್ಸೆ ಮುಗಿದೊಡನೆ ಗಂಡಾಂತರ ಕಳೆಯಿತೆಂದು ಬಂಧುಗಳು ನಿಟ್ಟುಸಿರು ಬಿಡುತ್ತಾರೆ. ಆದರೆ ಅನಂತರದ ದಿನಗಳೂ ಅಷ್ಟೇ ನಾಜೂಕಾದವು ಎಂಬುದನ್ನು ಸದ್ಭಕ್ತರ ಗಮನಕ್ಕೆ ತರಬಯಸುತ್ತೇವೆ.

ಅನ್ನನಾಳವು ಸುಮಾರು 25 ಸೆಂಟಿಮೀಟರ್ ಉದ್ದದ ಕೊಳವೆ. ರೋಗಗ್ರಸ್ತ ಭಾಗವನ್ನು ತೆಗೆದ ಮೇಲೆ ಸಾಮಾನ್ಯವಾಗಿ ಜಠರವನ್ನೇ ಕೊಳವೆಯಾಗಿಸಿ, ಮೇಲಕ್ಕೆಳೆದು, ಉಳಿದ ತುದಿಗೆ ಜೋಡಿಸುತ್ತಾರೆ. ಕೆಲವರಲ್ಲಿ ಆ ಜೋಡಣೆ ಬಿಟ್ಟುಕೊಳ್ಳುತ್ತದೆ. ಬಹುಮಟ್ಟಿಗೆ ಇದು ಮೊದಲ 10 ದಿನಗಳಲ್ಲಿ ಆಗುವಂಥದು. ಆಗ ಜೊಲ್ಲು, ನೀರು ಎದೆಗೂಡಿಗೆ ಸೋರಿ ಕೀವು ಕಟ್ಟುತ್ತದೆ. ಜ್ವರ, ನಾಡಿಯ ವೇಗ, ಎದೆನೋವು, ಉಸಿರಾಟದ ಕಷ್ಟ ಇದರ ಸೂಚನೆಗಳು.

ಹಿಂದೆ ಇಂತಹ ರೋಗಿಯ ಎದೆಯನ್ನು ಮತ್ತೆ ತೆರೆಯುವುದು ಹಲವೊಮ್ಮೆ ಅನಿವಾರ್ಯವಾಗುತ್ತಿತ್ತು. ಈಗ ತಕ್ಕ ಪ್ರಸಂಗಗಳಲ್ಲಿ ಎಂಡೊಸ್ಕೋಪಿಯ ಮೂಲಕ ಬಾಯಿಯಿಂದಲೇ ಸ್ಟೆಂಟ್ ಇಳಿಸುತ್ತಾರೆ. ಇದು ಹೊದಿಕೆಯುಳ್ಳ ಲೋಹದ ಜಾಲರಿ. ಒಳಗೆ ತಾನೇ ಅರಳಿ ರಂಧ್ರವನ್ನು ಮುಚ್ಚುತ್ತದೆ, ಅದರ ಮರೆಯಲ್ಲಿ ಗಾಯ ಮಾಯುತ್ತದೆ. ಆದರೆ ಸ್ಟೆಂಟ್ ಒಂದರಿಂದಲೇ ಎಲ್ಲವೂ ಆಗದು. ಕಟ್ಟಿದ ಕೀವನ್ನು ಹೊರಹಾಕಬೇಕು, ಕರುಳಿಗೆ ನಳಿಕೆಯಿಟ್ಟು ಪೋಷಣೆ ನೀಡಬೇಕು. ಜೋಡಿಸಿದ ಭಾಗವೇ ರಕ್ತಸಂಚಾರವಿಲ್ಲದೆ ಸತ್ತಿದ್ದರೆ ಮರುಶಸ್ತ್ರಚಿಕಿತ್ಸೆಯೇ ದಾರಿ.

ಇಲ್ಲಿ ನಮ್ಮ ಭಕ್ತಿಯೇ ಎಚ್ಚರವಹಿಸಬೇಕಾದ ಒಂದು ಸಂಗತಿಯಿದೆ. ಬಾಯಿಂದ ಏನನ್ನೂ ಕೊಡಬಾರದೆಂದು ವೈದ್ಯರು ಹೇಳಿದ್ದರೂ ಮಠದಿಂದ ತಂದ ಪಾದೋದಕವನ್ನು, ಚಿಟಿಕೆ ಪ್ರಸಾದವನ್ನು ಪ್ರೀತಿಯಿಂದ ಬಾಯಿಗೆ ಹಾಕಲು ಕೈ ಮುಂದಾಗುತ್ತದೆ. ಬಿಟ್ಟುಕೊಂಡ ಹೊಲಿಗೆಗೆ ತೀರ್ಥವೂ ನೀರೇ. ಅದು ಸೋರುವುದು ಎದೆಗೇ. ಅಷ್ಟಾವರಣಗಳಲ್ಲಿ ಪಾದೋದಕ, ಪ್ರಸಾದಗಳಿರುವಂತೆ ವಿಭೂತಿಯೂ ಮಂತ್ರವೂ ಇವೆ. ವೈದ್ಯರು ಅಪ್ಪಣೆ ಕೊಡುವವರೆಗೆ ಹಣೆಗೆ ವಿಭೂತಿ, ಕಿವಿಗೆ ಮಂತ್ರ ಸಾಕು. ಇದು ಭಕ್ತಿಯ ಲೋಪವಲ್ಲ, ಭಕ್ತಿಯ ವಿವೇಕ ಎಂಬುದು ನಮ್ಮ ದೃಢವಾದ ಅಭಿಪ್ರಾಯ.

ಇನ್ನೊಂದು ಮಾತು. ಮನೆಗೆ ಬಂದ ರೋಗಿಗೆ ಜ್ವರ ಬಂದರೆ ಊರಿನಲ್ಲೇ ಸೂಜಿ ಹಾಕಿಸಿ ಎರಡು ದಿನ ನೋಡೋಣ ಎನ್ನಬಾರದು; ಶಸ್ತ್ರಚಿಕಿತ್ಸೆ ಮಾಡಿದ ಆಸ್ಪತ್ರೆಗೆ ಅಂದೇ ತಿಳಿಸಿ ಹೊರಡಬೇಕು. ಸ್ಟೆಂಟ್ ಜಾರುವುದೂ ಉಂಟು. ನೋವು, ವಾಂತಿ ಕಂಡರೆ ತಡಮಾಡಬಾರದು. ಈ ಸ್ಟೆಂಟನ್ನು ಸಾಮಾನ್ಯವಾಗಿ 4ರಿಂದ 6 ವಾರಗಳಲ್ಲಿ ತೆಗೆಯಬೇಕು. ಆರಾಮವಾಯಿತೆಂದು ಬಿತ್ತನೆಯೋ ರಾಶಿಯೋ ಮುಗಿಯಲೆಂದು ಮುಂದೂಡಿದರೆ ಮಾಂಸ ಬೆಳೆದು ಅದನ್ನು ತೆಗೆಯುವುದೇ ಕಠಿಣವಾಗುತ್ತದೆ.

ಆದ್ದರಿಂದ ಆಸ್ಪತ್ರೆ ಬಿಡುವಾಗ ಸ್ಟೆಂಟ್ ತೆಗೆಯುವ ದಿನಾಂಕವನ್ನು ಕನ್ನಡದಲ್ಲಿ ಬರೆಸಿಕೊಳ್ಳಿರಿ. ನೆರೆಹೊರೆಯ ರೋಗಿಯನ್ನು ಆ ದಿನ ಕರೆದೊಯ್ಯಲು ಒಬ್ಬರು ಜೊತೆಯಾದರೆ, ಅದೂ ದಾಸೋಹವೇ.