ಕರ್ತೃತ್ವ ತಪ್ಪಿದ ಕೊಳಲು ಸೊನಾಟಗಳು

ಹಳೆಯ ಕೃತಿಯೊಂದರ ಕರ್ತೃ ಯಾರೆಂಬ ಪ್ರಶ್ನೆಗೆ ಉತ್ತರ ಹೇಳುವ ಸಾಕ್ಷಿಗಳು ಎರಡು ಬಗೆ. ಹಸ್ತಪ್ರತಿ, ಮುದ್ರಣ, ದಸ್ತಾವೇಜು ಇವು ಹೊರಗಿನವು. ಶೈಲಿ, ಬಂಧ, ಗುಣ ಇವು ಒಳಗಿನವು. ಕವಿರಾಜಮಾರ್ಗದ ಕರ್ತೃ ನೃಪತುಂಗನೋ ಶ್ರೀವಿಜಯನೋ ಎಂಬ ಚರ್ಚೆಯನ್ನು ಬಲ್ಲವರಿಗೆ ಈ ಭೇದ ಹೊಸದಲ್ಲ. ಯುರೋಪಿನ ಬರೋಕ್ ಕಾಲದ ಕೊಳಲು ಸೊನಾಟಗಳ ವಿಷಯದಲ್ಲಿ ಮಾತ್ರ ಈ ಎರಡರ ಬೆಲೆ ಅದಲುಬದಲಾಗಿರುವಂತೆ ತೋರುತ್ತದೆ. ನಿಸ್ಸಂದಿಗ್ಧವಾದ ದಸ್ತಾವೇಜು ಇರುವಲ್ಲಿ ಅದನ್ನು ಲೆಕ್ಕಿಸುವವರಿಲ್ಲ. ಅಭಿರುಚಿಯೊಂದೇ ಬಾಯಿಬಿಟ್ಟಲ್ಲಿ ಹಸ್ತಪ್ರತಿಯ ಮಾತು ನಡೆಯುವುದಿಲ್ಲ.

ಈ ಸೊನಾಟಗಳ ರಚನೆಯೇ ಗೊಂದಲಕ್ಕೆ ಎಡೆಮಾಡಿಕೊಡುವಂಥದು. ರಚನಕಾರ ಬರೆಯುತ್ತಿದ್ದುದು ಎರಡೇ ಸಾಲು: ಮೇಲೆ ಕೊಳಲಿನದು, ಕೆಳಗೆ ಮಂದ್ರದ್ದು. ಕಂಟಿನ್ಯುವೊ ಎನಿಸಿಕೊಳ್ಳುವ ಆ ಮಂದ್ರದ ಸಾಲನ್ನು ಚೆಲ್ಲೊ ಅಥವಾ ಅಂಥದೇ ವಾದ್ಯ ನುಡಿಸಿದರೆ, ಅದರ ಮೇಲಿನ ಅಂಕಿಗಳನ್ನು ನೋಡಿಕೊಂಡು ಹಾರ್ಪ್ಸಿಕಾರ್ಡ್ ವಾದಕ ಉಳಿದ ಸ್ವರಗಳನ್ನು ತಾನೇ ತುಂಬುತ್ತಿದ್ದ. ಹೀಗೆ ಅರ್ಧ ಬರೆದು ಅರ್ಧ ಬಿಟ್ಟ ಕೃತಿಯಲ್ಲಿ ಕರ್ತೃವಿನ ಕೈಗುರುತು ತೆಳುವಾಗುವುದು ಸಹಜ. ಮಾರುಕಟ್ಟೆಗೆ ಬೇಕಾಗಿದ್ದುದಂತೂ ದೊಡ್ಡ ಹೆಸರು. ಲಂಡನ್ನಿನ ಪ್ರಕಾಶಕ ವಾಲ್ಷ್, ಆಮ್‌ಸ್ಟರ್‌ಡ್ಯಾಮಿನ ರೋಜೆ ಸಂಸ್ಥೆಯ ಸುಳ್ಳು ಮುದ್ರೆಯೊತ್ತಿ ಹೆಂಡೆಲನ ಹೆಸರಿನಲ್ಲಿ ಒಂದು ಸೊನಾಟ ಸಂಪುಟವನ್ನು ಹೊರತಂದ. ಅದರ ಒಂದು ಪ್ರತಿಯಲ್ಲಿ, ಕೆಲವು ಸೊನಾಟಗಳು ಹೆಂಡೆಲನವಲ್ಲವೆಂದು ಯಾರೋ ಹಳಬರು ಕೈಯಲ್ಲಿ ಬರೆದಿಟ್ಟಿದ್ದಾರೆ. ಆ ಅನಾಮಧೇಯ ಓದುಗನಿಗೆ ಸಂಶೋಧಕರು ಋಣಿಗಳು.

ಇದಕ್ಕಿಂತ ಸ್ವಾರಸ್ಯಕರವಾದುದು ‘ಇಲ್ ಪಾಸ್ತೋರ್ ಫಿದೊ’, ಎಂದರೆ ‘ನಿಷ್ಠಾವಂತ ಗೊಲ್ಲ’, ಎಂಬ ಆರು ಸೊನಾಟಗಳ ಸಂಪುಟದ ಕಥೆ. 1737ರಲ್ಲಿ ಪ್ಯಾರಿಸ್ಸಿನಲ್ಲಿ ವಿವಾಲ್ಡಿಯ ಹದಿಮೂರನೆಯ ಕೃತಿಯೆಂದು ಇದು ಅಚ್ಚಾಯಿತು. ವಿವಾಲ್ಡಿ ಆಗಿನ್ನೂ ಬದುಕಿದ್ದ. ಮ್ಯೂಸೆಟ್, ವಿಯೆಲ್, ಕೊಳಲು, ಓಬೊ, ಪಿಟೀಲು ಇವುಗಳಲ್ಲಿ ಯಾವುದರಲ್ಲಾದರೂ ನುಡಿಸಬಹುದೆಂದು ಮುಖಪುಟ ಹೇಳುತ್ತಿತ್ತು. ಅನುಮಾನಕ್ಕೆ ಈ ಪಟ್ಟಿಯ ಮೊದಲೆರಡು ಹೆಸರುಗಳೇ ಸಾಕಾಗಿದ್ದುವು. ಮ್ಯೂಸೆಟ್ ಎಂಬುದು ತೋಳಿನಿಂದ ತಿದಿಯೊತ್ತಿ ನುಡಿಸುವ ಚೀಲದ ವಾದ್ಯ. ವಿಯೆಲ್, ಚಕ್ರ ತಿರುಗಿಸಿ ತಂತಿಗಳನ್ನುಜ್ಜಿ ನುಡಿಸುವಂಥದು. ಗೊಲ್ಲರ ವೇಷದಲ್ಲಿ ವಿನೋದಪಡುತ್ತಿದ್ದ ಫ್ರೆಂಚ್ ಶ್ರೀಮಂತರ ಮೋಜಿನ ವಾದ್ಯಗಳಿವು. ವೆನಿಸ್ಸಿನ ವಿವಾಲ್ಡಿಗೆ ಇವುಗಳ ಗೊಡವೆ ಏಕೆ? ಉತ್ತರ ಪ್ಯಾರಿಸ್ಸಿನ ದಸ್ತಾವೇಜೊಂದರಲ್ಲಿತ್ತು. ಪ್ರಕಾಶಕನಾಗಿ ಹೆಸರು ಕೊಟ್ಟಿದ್ದ ಝಾಂ-ನೊಯೆಲ್ ಮಾರ್ಶಾಂ, 1749ರ ಸೆಪ್ಟೆಂಬರ್ 17ರಂದು ನೋಟರಿಯ ಮುಂದೆ ನಿಂತು, ಆ ಸಂಪುಟ ತನ್ನ ಬಂಧು ನಿಕೋಲಾ ಶೆದ್‌ವಿಲ್ಲನ ರಚನೆಯೆಂದೂ ಅಚ್ಚಿನ ವೆಚ್ಚವನ್ನು ಕೊಟ್ಟವನೂ ಅವನೇ ಎಂದೂ ಒಪ್ಪಿಕೊಂಡಿದ್ದ. ಶೆದ್‌ವಿಲ್ ಹೆಸರಾಂತ ಮ್ಯೂಸೆಟ್ ವಾದಕ. ತನ್ನ ವಾದ್ಯಕ್ಕೆ ಇಟಲಿಯ ಘನತೆಯನ್ನು ತಂದುಕೊಡುವ ಆಸೆಯಿಂದ ಇಷ್ಟೆಲ್ಲ ಮಾಡಿದನೆಂದು ಊಹಿಸಬಹುದು. ಫಿಲಿಪ್ ಲೆಸ್ಕಾ ಎಂಬ ಸಂಶೋಧಕ 1990ರಲ್ಲಿ ಈ ಸಂಗತಿಯನ್ನು ಪ್ರಕಟಿಸಿದ.

ಇಷ್ಟು ಖಚಿತವಾದ ಸಾಕ್ಷಿ ಸಿಗುವುದು ಸಂಶೋಧಕನ ಪುಣ್ಯ. ಆದರೂ ಈ ಸೊನಾಟಗಳು, ವಿಶೇಷವಾಗಿ ಗಿ ಮೈನರ್ ಸ್ವರದ ಆರನೆಯದು, ಇಂದಿಗೂ ಎಷ್ಟೋ ಕಡೆ ವಿವಾಲ್ಡಿಯ ಹೆಸರಿನಲ್ಲಿಯೇ ಮಾರಾಟವಾಗುತ್ತಿವೆ. ಅವುಗಳಲ್ಲಿ ವಿವಾಲ್ಡಿಯಿಂದ ಎತ್ತಿಕೊಂಡ ವಸ್ತುವೂ ಇದೆಯೆಂಬುದು ಇದಕ್ಕೆ ಸಮಾಧಾನವಾಗದು.

ಬಾಖನ ಸೊನಾಟಗಳ ಕಡೆ ಬಂದರೆ ಚಿತ್ರ ತಲೆಕೆಳಗಾಗುತ್ತದೆ. ಬಿ.ಡಬ್ಲ್ಯು.ವಿ. 1033 ಎಂಬ ಸಂಖ್ಯೆಯ, ಸಿ ಮೇಜರ್ ಸ್ವರದ ಕಂಟಿನ್ಯುವೊ ಸೊನಾಟವನ್ನು ಸುಮಾರು 1731ರಲ್ಲಿ ಪ್ರತಿಮಾಡಿದವನು ಬಾಖನ ಮಗ ಕಾರ್ಲ್ ಫಿಲಿಪ್ ಇಮ್ಯಾನುಯೆಲ್. ಕರ್ತೃ ತನ್ನ ತಂದೆಯೆಂದು ಬರೆದವನೂ ಅವನೇ. ಮನೆಯೊಳಗಿನ ಲಿಪಿಕಾರನ ಮಾತಿಗಿಂತ ಹೆಚ್ಚಿನ ಸಾಕ್ಷಿ ಬೇಕೆ? ಇ ಫ್ಲಾಟ್ ಮೇಜರ್ ಸ್ವರದ 1031ರಲ್ಲಿ ಹಾರ್ಪ್ಸಿಕಾರ್ಡಿನ ಭಾಗ ಪೂರ್ತಿಯಾಗಿ ಬರೆದದ್ದು. ಅದರ ಹಸ್ತಪ್ರತಿಗಳೂ ಬಾಖನ ಹೆಸರನ್ನೇ ಹೇಳುತ್ತವೆ. ಅದರ ಸಿಸಿಲಿಯಾನೊ ಲೋಕಪ್ರಿಯವಾದುದು. ಆದರೂ 1963ರಲ್ಲಿ ಹೊರಬಂದ ಹೊಸ ಬಾಖ್ ಸಮಗ್ರ ಆವೃತ್ತಿಯ ಕೊಳಲು ಸಂಪುಟದಲ್ಲಿ ಇವೆರಡಕ್ಕೂ ಸ್ಥಾನ ದೊರೆಯಲಿಲ್ಲ.

ಹಾಗೆಂದು ಅನುಮಾನ ನಿರಾಧಾರವೆನ್ನುವಂತಿಲ್ಲ. 1033ರ ಮಂದ್ರ ಬಡವಾಗಿದೆ. ಮೊದಲ ಭಾಗದ ಪ್ರೆಸ್ಟೊದಲ್ಲಿ ಕೊಳಲು ಓಡುತ್ತಿದ್ದರೆ ಅದು ಒಂದೇ ಸ್ವರಕ್ಕೆ ಅಂಟಿಕೊಂಡು ನಿಲ್ಲುತ್ತದೆ. ಮೊದಲ ಮಿನುಯೆಟ್ಟಿನಲ್ಲಿ ಮಾತ್ರ ಇದ್ದಕ್ಕಿದ್ದಂತೆ ಹಾರ್ಪ್ಸಿಕಾರ್ಡಿನ ಭಾಗವೂ ಪೂರ್ಣವಾಗಿ ಕಾಣಿಸಿಕೊಳ್ಳುತ್ತದೆ. ಆದರೆ ಇಂಥ ದೋಷದ ಮುಂದೆ ನಿಂತಾಗ ವಿದ್ವಾಂಸನಿಗೆ ಎರಡು ದಾರಿಗಳಿವೆ. ‘ಇದು ಬಾಖನಿಗೆ ತಕ್ಕುದಲ್ಲ, ಆದ್ದರಿಂದ ಬಾಖನದಲ್ಲ’ ಎನ್ನುವುದು ಒಂದು. ಹಸ್ತಪ್ರತಿಯನ್ನೂ ದೋಷವನ್ನೂ ಒಟ್ಟಿಗೆ ವಿವರಿಸಬಲ್ಲ ಊಹೆಯನ್ನು ಅರಸುವುದು ಇನ್ನೊಂದು. ರಾಬರ್ಟ್ ಮಾರ್ಷಲ್ ಹಿಡಿದುದು ಎರಡನೆಯ ದಾರಿಯನ್ನು: ತಂದೆ ಇದನ್ನು ಪಕ್ಕವಾದ್ಯವಿಲ್ಲದ ಒಂಟಿ ಕೊಳಲಿಗೆಂದು ಬರೆದಿದ್ದು, ಮಂದ್ರವನ್ನು ಹದಿಹರೆಯದ ಮಗ ಅಭ್ಯಾಸಕ್ಕಾಗಿ ಸೇರಿಸಿರಬಹುದು. ಇದು ಸಿದ್ಧವಾದ ಸತ್ಯವಲ್ಲ. ಆದರೂ ಲಿಪಿಕಾರನನ್ನು ಸುಳ್ಳುಗಾರನನ್ನಾಗಿಸದೆ ದೋಷಕ್ಕೆ ಕಾರಣ ಹೇಳುತ್ತದೆ. ಪ್ರಕ್ಷೇಪವೆಂದು ತೋರಿದ ಪದ್ಯಕ್ಕಾಗಿ ಇಡೀ ಕಾವ್ಯವನ್ನೇ ಕವಿಯ ಕೈಯಿಂದ ಕಿತ್ತುಕೊಳ್ಳುವುದಕ್ಕಿಂತ ಇದು ಎಷ್ಟೋ ಮೇಲು.

ಮೊದಲನೆಯ ದಾರಿಯಲ್ಲಿರುವುದು ಚಕ್ರಕದೋಷ. ಬಾಖನ ಶೈಲಿ ಯಾವುದೆಂದು ತಿಳಿಯುವುದು ಅವನ ಕೃತಿಗಳಿಂದ. ಆ ಶೈಲಿಗೆ ಹೊಂದದ್ದನ್ನು ಒಂದೊಂದಾಗಿ ಹೊರಗಿಟ್ಟಂತೆಲ್ಲ ಶೈಲಿಯ ಕಲ್ಪನೆ ಬಿಗಿಯಾಗುತ್ತದೆ, ಇನ್ನಷ್ಟು ಕೃತಿಗಳು ಹೊರಬೀಳುತ್ತವೆ. ಮಹಾಕರ್ತೃವೂ ಒಮ್ಮೊಮ್ಮೆ ಹಗುರವಾಗಿ ಬರೆದಾನು, ಹೊಸ ಫ್ಯಾಷನ್ನಿನ ರುಚಿ ನೋಡಿಯಾನು ಎಂಬುದಕ್ಕೆ ಎಡೆಯೇ ಉಳಿಯುವುದಿಲ್ಲ. 1031ಕ್ಕೆ ಕ್ವಾಂಟ್ಸನ ಇ ಫ್ಲಾಟ್ ತ್ರಿಸೊನಾಟವೊಂದರ ಹೋಲಿಕೆಯನ್ನು ಕೆಲವರು ತೋರಿಸಿದ್ದಾರೆ. ಹೋಲಿಕೆ ನಿಜವಾದರೂ ಬಾಖ್ ಅದನ್ನು ಮಾದರಿಯಾಗಿಟ್ಟುಕೊಂಡಿದ್ದನೆ, ಅಥವಾ ಬೇರೊಬ್ಬರು ಇದನ್ನು ಬರೆದರೆ ಎಂಬುದನ್ನು ಹೋಲಿಕೆಯೊಂದೇ ಹೇಳಲಾರದು.

ಮುಖಪುಟದ ಮೇಲೆ ಎರಡು ಸಾಲು ಹೆಚ್ಚಾಗಿ ಅಚ್ಚುಮಾಡುವುದು ಪ್ರಕಾಶಕರಿಗೆ ಕಷ್ಟದ ಕೆಲಸವಲ್ಲ. 1033ರ ಮೇಲೆ ‘ಮಗನ ಕೈಬರಹದಲ್ಲಿ ತಂದೆಯ ಹೆಸರಿನಿಂದ ಉಳಿದುಬಂದುದು’ ಎಂದಿರಲಿ. ‘ನಿಷ್ಠಾವಂತ ಗೊಲ್ಲ’ನ ಮೇಲೆ ಶೆದ್‌ವಿಲ್ಲನ ಹೆಸರಿರಲಿ, ವಿವಾಲ್ಡಿಯ ಹೆಸರು ಕೆಳಗೆ ಸಣ್ಣ ಅಕ್ಷರದಲ್ಲಿ ಬೇಕಿದ್ದರೆ ಇರಲಿ. ಶೆದ್‌ವಿಲ್ 1782ರಲ್ಲಿ ತೀರಿಕೊಂಡ. ತನ್ನ ಹೆಸರಿನಲ್ಲಿಯೇ ಅವನು ಅಚ್ಚುಮಾಡಿಸಿದ ಸಂಪುಟಗಳೂ ಇವೆ. ಕೊಳಲುವಾದಕರು ಅವುಗಳನ್ನು ಎತ್ತಿಕೊಳ್ಳುವುದು ವಿರಳ.