‘ಎಂಜಿನ್ ಫ್ಲಶ್’ ಯಾರಿಗೆ ಬೇಕು?

ಭಾಗ 1

ಮನೆ ಕಾರನ್ನ ಸರ್ವಿಸ್‌ಗೆ ಬಿಡೋಕೆ ಯಾರನ್ನ ಕಳಿಸ್ತಾರೆ? ನಮ್ಮನ್ನೇ. “ಹೇಗಿದ್ರೂ ಕಾಲೇಜು ಮಧ್ಯಾಹ್ನಕ್ಕೆ ಮುಗಿಯುತ್ತಲ್ಲ, ಬಿಟ್ಟು ಬಾ” ಅಂತಾರೆ. ಅಲ್ಲಿ ಕೌಂಟರ್ ಅಣ್ಣ ನಗುನಗುತ್ತಾ ಜಾಬ್ ಕಾರ್ಡ್ ಮುಂದೆ ಇಟ್ಟು, “ಎಂಜಿನ್ ಒಳಗೆ ಕೊಳೆ ಕೂತಿರುತ್ತೆ ಸರ್, ಫ್ಲಶ್ ಹಾಕಿಬಿಡೋಣ” ಅಂತಾನೆ. ಇಪ್ಪತ್ತು ವರ್ಷದವರನ್ನ ಯಾರಾದ್ರೂ ಸರ್, ಮೇಡಂ ಅಂದ್ಬಿಟ್ರೆ ಮುಗೀತು, ಸೈನ್ ಬೀಳುತ್ತೆ.

ಈ ಸೀರೀಸ್ ಆ ಸೈನ್ ಬಗ್ಗೆ. ನನ್ನ ವಾದ ಇಷ್ಟೇ: ಹೊತ್ತಿಗೆ ಸರಿಯಾಗಿ ಆಯಿಲ್ ಬದಲಾಯಿಸ್ತಿರೋ ಕಾರಿಗೆ ಫ್ಲಶ್ ಬೇಕಾಗಿಲ್ಲ. ಬದಲಾಯಿಸದೆ ಕೆಡಿಸಿಕೊಂಡ ಕಾರಿಗೆ ಅದು ಅಪಾಯ. ಮತ್ತೆ ಯಾರಿಗೆ ಬೇಕು? ಬಿಲ್ಲಿಗೆ.

(ಪೆಟ್ರೋಲ್ ಟ್ಯಾಂಕಿಗೆ ಹಾಕೋ ಇಂಜೆಕ್ಟರ್ ಕ್ಲೀನರ್ ಬೇರೆ ವಿಷಯ. ಅದನ್ನ ಇಲ್ಲಿ ತರಬೇಡಿ, ಪ್ಲೀಸ್.)

ಭಾಗ 2

ಎಂಜಿನ್ ಆಯಿಲ್ ಅಂದ್ರೆ ಬರೀ ಎಣ್ಣೆ ಅಲ್ಲ. ಮೂಲ ಎಣ್ಣೆಗೆ ಕಂಪನಿಯವರೇ ಹಲವು ರಾಸಾಯನಿಕಗಳನ್ನ ಅಳತೆ ಪ್ರಕಾರ ಸೇರಿಸಿರ್ತಾರೆ. ಅದರಲ್ಲಿ ಡಿಟರ್ಜೆಂಟ್ ಇದೆ: ಕ್ಯಾಲ್ಸಿಯಂ, ಮೆಗ್ನೀಸಿಯಂ ಸಂಯುಕ್ತಗಳು. ಬಿಸಿ ಭಾಗಗಳಿಗೆ ಕೊಳೆ ಅಂಟದ ಹಾಗೆ ನೋಡ್ಕೊಳ್ಳುತ್ತೆ, ಇಂಧನ ಉರಿದಾಗ ಹುಟ್ಟೋ ಆಮ್ಲವನ್ನ ಕೊಲ್ಲುತ್ತೆ. ಡಿಸ್ಪರ್ಸೆಂಟ್ ಅನ್ನೋದು ಮಸಿ ಕಣಗಳು ಒಂದಕ್ಕೊಂದು ಸೇರಿ ಗಟ್ಟಿಯಾಗದ ಹಾಗೆ ಎಣ್ಣೆಯಲ್ಲೇ ತೇಲಿಸಿ ಇಟ್ಟಿರುತ್ತೆ. ಹಳೇ ಆಯಿಲ್ ಇಳಿಸಿದಾಗ ಕೊಳೆನೂ ಅದರ ಜೊತೆಗೇ ಇಳಿಯುತ್ತೆ. ಸವೆತ ತಡೆಯೋಕೆ ಸತು-ರಂಜಕದ ಸಂಯುಕ್ತ ಬೇರೆ ಇದೆ. ಅಂದ್ರೆ ಫ್ಲಶ್ ಮಾಡ್ತೀನಿ ಅನ್ನೋ ಕೆಲಸವನ್ನ ನೀವು ಆಗಲೇ ದುಡ್ಡು ಕೊಟ್ಟಿರೋ ಆಯಿಲ್ಲು ಪ್ರತಿ ಕಿಲೋಮೀಟರಿಗೂ ಮಾಡ್ತಾನೇ ಇದೆ.

2020ರಲ್ಲಿ ಬಂದ ‘ಎಪಿಐ ಎಸ್‌ಪಿ’ ದರ್ಜೆ ಡಬ್ಬದ ಮೇಲೆ ನೋಡಿರ್ತೀರಿ. ಆ ಗುರುತು ಸಿಗಬೇಕಾದ್ರೆ ನಿಜವಾದ ಎಂಜಿನ್‌ಗಳಲ್ಲಿ ಓಡಿಸಿ, ಜಿಡ್ಡು ಎಷ್ಟು ಕಟ್ಟಿತು, ಪಿಸ್ಟನ್ ಮೇಲೆ ಎಷ್ಟು ಕೂತಿತು ಅಂತೆಲ್ಲ ಅಳೀತಾರೆ.

ಇನ್ನು ಆ ಡಿಪ್‌ಸ್ಟಿಕ್ ನಾಟಕ. ಕಡ್ಡಿ ಎಳೆದು “ನೋಡಿ ಸರ್, ಎಷ್ಟು ಕಪ್ಪು!” ಅಂತ ತೋರಿಸ್ತಾರೆ. ಕಪ್ಪಾಗಲೇಬೇಕು ಕಣ್ರೋ! ಮಸಿಯನ್ನ ಎಣ್ಣೆ ಹಿಡ್ಕೊಂಡಿದೆ ಅಂತ ಅದರರ್ಥ. ಡೀಸೆಲ್ ಗಾಡಿಯಲ್ಲಂತೂ ಹೊಸ ಆಯಿಲ್ ಕೆಲವೇ ದಿನದಲ್ಲಿ ಕಪ್ಪಾಗುತ್ತೆ.

ಭಾಗ 3

ಫ್ಲಶ್ ಮಾಡೋದು ಹೇಗೆ? ಆಯಿಲ್ ಇಳಿಸೋ ಮುಂಚೆ ಹಳೇ ಆಯಿಲ್ಲಿಗೇ ಒಂದು ಡಬ್ಬ ಸುರೀತಾರೆ, ಹತ್ತು-ಹದಿನೈದು ನಿಮಿಷ ಗಾಡಿ ನಿಂತಲ್ಲೇ ಆನ್ ಇಡ್ತಾರೆ, ಆಮೇಲೆ ಇಳಿಸ್ತಾರೆ. ಬಹಳಷ್ಟು ಡಬ್ಬಗಳಲ್ಲಿ ಇರೋದು ಸೀಮೆಎಣ್ಣೆ ಜಾತಿಯ ತೆಳು ದ್ರಾವಕ, ಜೊತೆಗೆ ಒಂದಿಷ್ಟು ಡಿಟರ್ಜೆಂಟ್. ಹಿಂದೆ ಗ್ಯಾರೇಜ್‌ಗಳಲ್ಲಿ ಸೀಮೆಎಣ್ಣೆ, ಡೀಸೆಲ್ ಹಾಕ್ತಿದ್ದದ್ದು ಇದಕ್ಕೇ. ದ್ರಾವಕ ಸೇರಿದರೆ ಆಯಿಲ್ ತೆಳ್ಳಗಾಗುತ್ತೆ. ಅದಕ್ಕೇ ಸಾಮಾನ್ಯವಾಗಿ ಡಬ್ಬದ ಮೇಲೆಯೇ ‘ಗಾಡಿ ಓಡಿಸಬೇಡಿ’ ಅಂತ ಇರುತ್ತೆ. ಓದಿದ್ದೀರಾ?

ಒಳಗೆ ಚೆನ್ನಾಗಿದ್ದರೆ ಅದು ತೊಳೆಯೋಕೆ ಏನೂ ಇಲ್ಲ. ವರ್ಷಗಟ್ಟಲೆ ಆಯಿಲ್ ಬದಲಾಯಿಸದೆ ಒಳಗೆ ಜಿಡ್ಡು ಗಟ್ಟಿಯಾಗಿದ್ದರೆ? ಬಚ್ಚಲಲ್ಲಿ ಪಾಚಿ ಕೆರೆದರೆ ಮೋರಿ ಜಾಲರಿ ಕಟ್ಟಿಕೊಳ್ಳುತ್ತಲ್ಲ, ಹಾಗೇ. ಆಯಿಲ್ ಪಂಪ್ ಎಣ್ಣೆ ಎಳ್ಕೊಳ್ಳೋ ಬಾಯಲ್ಲಿ ಒಂದು ಜಾಲರಿ ಇದೆ. ಎದ್ದ ಚೂರುಗಳು ಅಲ್ಲಿ ಕೂತರೆ ಪ್ರೆಶರ್ ಬೀಳುತ್ತೆ, ಬೇರಿಂಗ್‌ಗೆ, ಕ್ಯಾಮ್‌ಶಾಫ್ಟ್‌ಗೆ ಎಣ್ಣೆ ಸಾಲಲ್ಲ. ಟರ್ಬೊ ಇದ್ದರೆ ಅದರ ಎಣ್ಣೆ ಪೈಪು ಇನ್ನೂ ಸಣ್ಣದು. ಅಂಥ ಎಂಜಿನ್‌ಗೆ ಸರಿಯಾದ ದಾರಿ ಆಯಿಲ್ ಪ್ಯಾನ್ ಬಿಚ್ಚಿ ಕೈಯಲ್ಲಿ ತೊಳೆಯೋದು, ಇಲ್ಲಾ ಒಳ್ಳೇ ಆಯಿಲ್ ಹಾಕಿ ಬೇಗ ಬೇಗ ಎರಡು-ಮೂರು ಸಲ ಬದಲಾಯಿಸೋದು.

“ನಾನು ನಾಲ್ಕು ಸಲ ಹಾಕಿಸಿದ್ದೀನಿ, ಏನೂ ಆಗಿಲ್ಲ” ಅಂತ ಯಾರಾದ್ರೂ ಬರ್ತೀರಿ, ಗೊತ್ತು. ಒಪ್ತೀನಿ. ಬಹುಪಾಲು ಕಾರುಗಳಿಗೆ ಏನೂ ಆಗಲ್ಲ. ಏನೂ ಆಗದೇ ಇರೋದಕ್ಕೆ ದುಡ್ಡು ಯಾಕೆ ಕೊಟ್ರಿ ಅನ್ನೋದೇ ನನ್ನ ಪ್ರಶ್ನೆ.

ಹೊಸ ಆಯಿಲ್ ಜೊತೆ ‘ಟ್ರೀಟ್‌ಮೆಂಟ್’ ಬಾಟಲಿ ಸುರಿಯೋದು ಇದರ ತಮ್ಮ. ಅಮ್ಮ ಅಳತೆ ನೋಡಿ ಉಪ್ಪು ಹಾಕಿರೋ ಸಾರಿಗೆ ಬಡಿಸೋನು ಇನ್ನೊಂದು ಹಿಡಿ ಹಾಕಿದ ಹಾಗೆ. ಅಮೆರಿಕದಲ್ಲಿ ‘ಸ್ಲಿಕ್ 50’ ಅನ್ನೋ ಇಂಥದ್ದೇ ಬಾಟಲಿ ಜೋರಾಗಿ ಮಾರಾಟವಾಗ್ತಿತ್ತು, ಎಂಜಿನ್ ಸ್ಟಾರ್ಟ್ ಆಗುವಾಗ ಸವೆಯುತ್ತೆ ಅಂತ ಹೆದರಿಸಿ. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 1996ರಲ್ಲಿ ಕಂಪನಿ ಮೇಲೆ ಸುಳ್ಳು ಜಾಹೀರಾತಿನ ಆರೋಪ ಹೊರಿಸ್ತು. ಮ್ಯಾನುಯಲ್ ಹೇಳಿದ ಆಯಿಲ್ ಹಾಕಿದರೆ ಬಹುತೇಕ ಎಂಜಿನ್‌ಗಳಿಗೆ ಅಷ್ಟೇ ರಕ್ಷಣೆ ಸಾಕು ಅನ್ನೋದು ಕಮಿಷನ್ ವಾದ. 1997ರಲ್ಲಿ ಕಂಪನಿ ರಾಜಿಗೆ ಬಂತು.

ಭಾಗ 4

ನಮ್ಮ ಮಾವ ತುಮಕೂರಿಂದ ಬೆಂಗಳೂರು ಏರ್‌ಪೋರ್ಟಿಗೆ ಟ್ಯಾಕ್ಸಿ ಓಡಿಸ್ತಾರೆ. ವರ್ಷಕ್ಕೆ ಹತ್ತಿರ ಹತ್ತಿರ 60,000 ಕಿ.ಮೀ., 10,000ಕ್ಕೊಂದು ಸರ್ವಿಸ್. ಹಳೇ ಬಿಲ್ಲುಗಳನ್ನೆಲ್ಲ ಹರಡಿಕೊಂಡು ಕೂತೆ (ಬಿಕಾಂ ಓದಿಸಿದ್ದಕ್ಕೆ ಮನೆಯವರಿಗೆ ಇಷ್ಟಾದ್ರೂ ಬೇಡ್ವಾ). ಪ್ರತಿ ಬಿಲ್ಲಲ್ಲೂ ಫ್ಲಶ್ 650 ರೂಪಾಯಿ, ಅದರ ಮೇಲೆ 18% ಜಿಎಸ್‌ಟಿ, ಒಟ್ಟು 767. ಆರು ಸಲಕ್ಕೆ 4,602. ಮಾವನಿಗೆ ಆ ಸಾಲು ಇರೋದೇ ಗೊತ್ತಿರಲಿಲ್ಲ. ಬಿಲ್ಲು ಪೂರ್ತಿ ಇಂಗ್ಲಿಷಲ್ಲಿ, ಅವರು ಓದಿದ್ದು ಏಳನೇ ಕ್ಲಾಸು, ಕನ್ನಡ ಮೀಡಿಯಂ.

ದುಡ್ಡಿಗಿಂತ ನನಗೆ ಉರಿದಿದ್ದು ಇನ್ನೊಂದಕ್ಕೆ. “ಎಂಜಿನ್ ಕ್ಲೀನ್ ಮಾಡಿದ್ದೀವಿ, ಇನ್ನು ಆರಾಮಾಗಿ ಓಡಿಸಿ” ಅಂದಿದ್ರಂತೆ. ಇವರು ನಂಬಿ, ಮುಂದಿನ ಆಯಿಲ್ ಚೇಂಜನ್ನ 14,000ದವರೆಗೂ ಎಳೆದರು. ಕಡ್ಡಿ ಎಳೆದು ನೋಡಿದರೆ ಆಯಿಲ್ ಕೆಳಗಿನ ಗುರುತಿಗಿಂತ ಕೆಳಗೆ. ಇಎಂಐ ಇನ್ನೂ ಎರಡು ವರ್ಷ ಬಾಕಿ ಇರೋ ಗಾಡಿ ಅದು. ಆ ಎಂಜಿನ್ ನಿಂತರೆ ಮನೆ ಒಲೆನೂ ನಿಲ್ಲುತ್ತೆ. ನಂಬಿಸಿ ಆಯಿಲ್ ಚೇಂಜ್ ಮರೆಸೋ ಡಬ್ಬಕ್ಕೆ ಕ್ಲೀನರ್ ಅಂತ ಹೆಸರು ಬೇರೆ.

ಕೌಂಟರ್ ಅಣ್ಣನ ಮೇಲೆ ರೇಗಬೇಡಿ. ಬಹಳ ಕಡೆ ಅವರಿಗೂ ಇಂಥ ‘ವ್ಯಾಲ್ಯೂ ಆಡೆಡ್’ ಐಟಂ ಇಷ್ಟು ಮಾರಲೇಬೇಕು ಅಂತ ಟಾರ್ಗೆಟ್ ಇರುತ್ತೆ. ಟಾರ್ಗೆಟ್ ಇಟ್ಟೋರು ಎಸಿ ರೂಮಲ್ಲಿ ಕೂತಿರ್ತಾರೆ.

ಭಾಗ 5

ಸೈನ್ ಮಾಡೋ ಮುಂಚೆ ಜಾಬ್ ಕಾರ್ಡ್ ಓದಿ. ಇಂಗ್ಲಿಷ್ ಬರದ ಮನೆಯವರಿಗೆ ಓದಿ ಹೇಳಿ. ಫ್ಲಶ್ ಅಂತ ಬರೆದಿದ್ದರೆ “ಇದು ನಮ್ಮ ಕಾರಿನ ಮ್ಯಾನುಯಲ್ಲಲ್ಲಿ ಎಲ್ಲಿದೆ, ತೋರಿಸಿ” ಅನ್ನಿ. ತೋರಿಸಿದರೆ ಹಾಕಿಸಿ, ನನ್ನ ತಕರಾರಿಲ್ಲ. ಇಲ್ಲದಿದ್ದರೆ ಆ ಸಾಲು ಹೊಡೆದು ಹಾಕಿಸಿ. ಆ ದುಡ್ಡಲ್ಲಿ ಮ್ಯಾನುಯಲ್ ಹೇಳಿದ ಗ್ರೇಡಿನ ಆಯಿಲ್, ಒರಿಜಿನಲ್ ಫಿಲ್ಟರ್ ಹಾಕಿಸಿ. ತಿಂಗಳಿಗೊಂದು ಸಲ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು, ಡಿಪ್‌ಸ್ಟಿಕ್ ನೀವೇ ನೋಡಿ.

ಇವತ್ತು ರಾತ್ರಿ ಮನೆಯಲ್ಲಿ ಕಳೆದ ಸರ್ವಿಸ್ ಬಿಲ್ ಹುಡುಕಿ. ಆ ಸಾಲು ಇದ್ದರೆ, ಹೆಸರು, ಗಾಡಿ ನಂಬರ್, ಸರ್ವಿಸ್ ಸೆಂಟರ್ ಎಲ್ಲ ಮುಚ್ಚಿ ಫೋಟೋ ನನಗೆ ಮೆಸೇಜ್ ಮಾಡಿ. ಎಷ್ಟು ಬಿಲ್ಲು ಬಂತು, ಒಟ್ಟು ಎಷ್ಟು ದುಡ್ಡಾಯ್ತು ಅಂತ ಭಾನುವಾರ ಲೆಕ್ಕ ಹಾಕ್ತೀನಿ.